ದೂರಕ್ಕೆ ಬಳಿದ ನೀಲಿ

ಆಗಿನ್ನೂ ಅಬುಧಾಬಿಯಲ್ಲಿ ವಾರದ ರಜೆ ಶುಕ್ರವಾರ ಬರುತ್ತಿತ್ತು. ಎಲೆಕ್ಟ್ರಾ ಸ್ಟ್ರೀಟಿನ ಅಂಗಡಿಗಳು ಮಧ್ಯಾಹ್ನದ ನಮಾಜು ಮುಗಿಯುವವರೆಗೂ ಷಟರ್ ಎಳೆದುಕೊಂಡಿರುತ್ತಿದ್ದವು. ಒಂದೇ ಫ್ಲ್ಯಾಟಿನಲ್ಲಿ ಎರಡು ಸಂಸಾರಗಳು ಬದುಕುವುದು ಯಾರಿಗೂ ವಿಚಿತ್ರವೆನಿಸುತ್ತಿರಲಿಲ್ಲ. ಗಲ್ಫಿನಲ್ಲಿ ಬೆಳೆದವರಾದರೆ ನಿಮಗೂ ಗೊತ್ತಿರುತ್ತದೆ: ಫ್ರಿಜ್ಜಿನ ಮೇಲಿನ ಹಲಗೆಗಳು ನಮ್ಮವು, ಕೆಳಗಿನವು ಅವರವು, ಬಚ್ಚಲಿಗೆ ಹೋಗುವ ಮೊದಲು ಒಳಗೆ ಯಾರಿದ್ದಾರೆಂದು ಕೂಗಿ ಕೇಳಬೇಕು, ಗಂಡ ಹೆಂಡಿರು ಜಗಳವಾಡಿದರೂ ದನಿ ತಗ್ಗಿಸಿ ಆಡಬೇಕು. ಆ ಕಾಲವನ್ನು ನೆನೆದು ನಿಟ್ಟುಸಿರು ಬಿಡುವವರನ್ನು ಬಹಳ ಮಂದಿ ನೋಡಿದ್ದೇನೆ. ನನಗೆ ಮಾತ್ರ ನಿಟ್ಟುಸಿರಿಗಿಂತ ಮೊದಲು ಸಿಟ್ಟು ಬರುತ್ತದೆ. ಅದಕ್ಕೆ ಕಾರಣ ನಾನು ಬರೆದ ಒಂದು ಚಿತ್ರ.

ನಾವು ವಿಜಾಪುರದ ಕಡೆಯವರು. ಪಪ್ಪ ಏಸಿ ಕೂರಿಸುವ ಕಂಪನಿಯಲ್ಲಿ ಇಂಜಿನಿಯರು, ಅವ್ವ ಮನೆಯಲ್ಲಿ, ನಾನೊಬ್ಬಳೇ ಮಗಳು. ಫ್ಲ್ಯಾಟಿನ ಇನ್ನೊಂದು ಕೋಣೆ ಲವೀನಾ ಆಂಟಿಯದು. ಉಡುಪಿ ಕಡೆಯ ಕೊಂಕಣಿ ಕ್ರಿಶ್ಚಿಯನ್ನರು. ಆಸ್ಪತ್ರೆಯೊಂದರ ರಿಸೆಪ್ಷನ್ನಿನಲ್ಲಿ ಕೆಲಸ. ಅವರ ಗಂಡ ಸಮುದ್ರದ ನಡುವಿನ ಎಣ್ಣೆಬಾವಿಯಲ್ಲಿದ್ದರು, ತಿಂಗಳು ಅಲ್ಲಿ, ತಿಂಗಳು ಇಲ್ಲಿ. ಮಕ್ಕಳಿರಲಿಲ್ಲ. ಅವ್ವ ಅವರನ್ನು ಅಕ್ಕಾ ಎನ್ನುತ್ತಿದ್ದಳು, ಅವರು ಅವ್ವನನ್ನು ಅಕ್ಕ ಎನ್ನುತ್ತಿದ್ದರು. ಇಬ್ಬರಲ್ಲಿ ದೊಡ್ಡವರು ಯಾರು ಎನ್ನುವುದು ನನಗೆ ಇವತ್ತಿಗೂ ಗೊತ್ತಿಲ್ಲ.

ನಾವು ಈರುಳ್ಳಿ ಬೆಳ್ಳುಳ್ಳಿಯಾಚೆ ಹೋಗದವರು, ಅವರು ಮೀನಿಲ್ಲದೆ ಅನ್ನ ಮುಟ್ಟದವರು. ಶುಕ್ರವಾರ ಆಂಟಿ ಚರ್ಚಿನಿಂದ ಬರುವ ಹೊತ್ತಿಗೆ ಅವ್ವ ರೊಟ್ಟಿ ಬಡಿದು ಮುಗಿಸಿ, ಒಲೆ ಒರೆಸಿ, ಒಂದು ಊದಿನಕಡ್ಡಿ ಹಚ್ಚಿಟ್ಟು ಅಡುಗೆಮನೆ ಬಿಟ್ಟುಕೊಡುತ್ತಿದ್ದಳು. ಆಮೇಲೆ ಬಂಗುಡೆ ಚುರ್ ಎನ್ನುವ ಸದ್ದು. ಆಂಟಿ ಅದೇ ಬಂಗುಡೆಯ ತಟ್ಟೆಯಲ್ಲಿ ನಮ್ಮ ಜೋಳದ ರೊಟ್ಟಿ, ಶೇಂಗಾ ಚಟ್ನಿ ಹಾಕಿಕೊಂಡು ಉಣ್ಣುತ್ತಿದ್ದರು. ಅವ್ವ ಆ ಕಡೆ ನೋಡದೆ, ಇನ್ನೊಂದು ರೊಟ್ಟಿ ಬೇಕೇನೆಂದು ಬಾಗಿಲ ಹೊರಗಿನಿಂದ ಕೇಳುತ್ತಿದ್ದಳು.

ನನಗೆ ಹನ್ನೊಂದು ವರ್ಷ. ಬೇಸಿಗೆ ರಜೆ ಮುಗಿದು ಶಾಲೆ ಶುರುವಾದ ವಾರ, ಕನ್ನಡ ಸಂಘದವರು ರಾಜ್ಯೋತ್ಸವಕ್ಕೆ ಮಕ್ಕಳ ಚಿತ್ರಸ್ಪರ್ಧೆ ಇಟ್ಟಿದ್ದಾರೆಂದು ಪಪ್ಪ ಸುದ್ದಿ ತಂದರು. ವಿಷಯ ಪ್ರಕೃತಿ. ಮನೆಯಲ್ಲೇ ಬರೆದು ತರಬೇಕು. ಆರಿಸಿದ ಚಿತ್ರಗಳನ್ನು ಬರೆದವರ ಹೆಸರಿನ ಸಮೇತ ಕಾರ್ಯಕ್ರಮದ ಹಾಲಿನ ಗೋಡೆಗೆ ತೂಗುಹಾಕುತ್ತಾರೆ. ನಾನು ಓದಿನಲ್ಲೂ ನಡುವಿನವಳು, ಓಟದಲ್ಲೂ ನಡುವಿನವಳು. ಎಲ್ಲರ ಕಣ್ಣಿಗೆ ಬೀಳುವ ಗೋಡೆಯ ಮೇಲೆ ನನ್ನ ಕೈಯ ಚಿತ್ರ, ಅದರ ಕೆಳಗೆ ನನ್ನ ಹೆಸರು: ಇದಕ್ಕಿಂತ ದೊಡ್ಡ ಆಸೆ ಆಗ ನನಗಿರಲಿಲ್ಲ.

“ನಾನು ಕಲಿಸ್ತೇನೆ ಅಕ್ಕ. ನೀವು ಎಂತ ಟೆನ್ಶನ್ ಮಾಡ್ಬೇಡಿ,” ಎಂದರು ಲವೀನಾ ಆಂಟಿ.

ಅವರಿಗೆ ಕಲಿಸುವ ಯೋಗ್ಯತೆ ಇತ್ತು, ಇಲ್ಲವೆನ್ನಲಾರೆ. ಮದುವೆಗೆ ಮೊದಲು ಅವರು ತಮ್ಮೂರಿನ ಚರ್ಚಿನ ನಾಟಕಗಳಿಗೆ ಪರದೆ ಬರೆಯುತ್ತಿದ್ದರಂತೆ. ಕಾಡಿನ ಪರದೆಯೆಂದರೆ ಲವೀನಾಳೇ ಬರೆಯಬೇಕು ಎಂದು ಪಾದ್ರಿಗಳು ಹೇಳಿ ಕಳಿಸುತ್ತಿದ್ದರಂತೆ. ಪಾತ್ರಧಾರಿಯ ಬೆನ್ನಿಗೆ ತಾಗುವಷ್ಟು ಹತ್ತಿರವಿರುವ ಬಟ್ಟೆ ಹರದಾರಿಗಟ್ಟಲೆ ದೂರದ ಹಾಗೆ ಕಾಣಬೇಕು. ಅದೇ ಆ ಕೆಲಸದ ಗುಟ್ಟು.

ಶುಕ್ರವಾರ ಊಟವಾದ ಮೇಲೆ ನಡುಕೋಣೆಯಲ್ಲಿ ಹಳೆಯ ಪೇಪರು ಹಾಸಿ ಪಾಠ. ಅವ್ವನ ಒಂದು ಸ್ಟೀಲ್ ತಟ್ಟೆಯೇ ಬಣ್ಣ ಕಲಸುವ ಹಲಗೆ. ಪೋಸ್ಟರ್ ಬಣ್ಣದ ಪುಟ್ಟ ಶೀಶೆಗಳಿಂದ ಅಂಟಿನಂಥ ವಾಸನೆ ಬರುತ್ತಿತ್ತು, ಅದಕ್ಕೆ ಬಂಗುಡೆಯ ವಾಸನೆ ಸೇರಿ ಇನ್ನೊಂದೇ ವಾಸನೆಯಾಗುತ್ತಿತ್ತು. ಏಸಿ ಹಾಕಿದರೆ ತಟ್ಟೆಯಲ್ಲಿ ಕಲಸಿದ ಬಣ್ಣ ಬ್ರಷ್ ಎತ್ತುವಷ್ಟರಲ್ಲಿ ಒಣಗಿ ಹೊಪ್ಪಳೆ ಕಟ್ಟುತ್ತಿತ್ತು. ಆರಿಸಿದರೆ ಅಂಗೈ ಬೆವರಿ ಕಾಗದ ಸುಕ್ಕಾಗುತ್ತಿತ್ತು. ಹೀಗಾಗಿ ಹಾಕು, ಆರಿಸು, ಹಾಕು, ಆರಿಸು ಎಂದು ಎದ್ದು ಕೂತೇ ನನ್ನ ಅರ್ಧ ಪಾಠ ಮುಗಿಯುತ್ತಿತ್ತು.

“ದೂರದ್ದು ಮೊದಲು, ಹತ್ತಿರದ್ದು ಕಡೆಗೆ. ಹಿಂದಿನ ಗುಡ್ಡ ನೀಲಿ. ಅದರ ಮುಂದಿನ ಮರಗಳು ನೀಲಿ ಹಸಿರು, ಬಿಳಿ ಸ್ವಲ್ಪ ಜಾಸ್ತಿ. ನಡುವಿನವು ಹಸಿರು. ಮುಂದಿನವು ಕಪ್ಪು ಹಸಿರು. ಗೊತ್ತಾಯ್ತಾ?”

ಗೊತ್ತಾಯಿತು ಎಂದೆ. ಮೊದಲನೆಯ ಚಿತ್ರ ಬರೆದೆ. ಗುಡ್ಡ, ಅದರ ಮುಂದೆ ಕಾಡು. ಕಾಡಿನ ಮರಗಳನ್ನು ಒಂದೇ ಅಂತರದಲ್ಲಿ ಸಾಲಾಗಿ ನಿಲ್ಲಿಸಿ, ಬುಡದಿಂದ ಬುಡಕ್ಕೆ ಒಂದು ಕಪ್ಪು ಗೆರೆ ಎಳೆದೆ. ಆಂಟಿ ಕನ್ನಡಕ ಮೇಲೆತ್ತಿ ನೋಡಿದರು.

“ಇದೆಂತ ಮಾರಾಯ್ತಿ, ಬುಡದಲ್ಲೆಲ್ಲ ಹಾವು?”

“ಹಾವಲ್ಲ ಆಂಟಿ, ಪೈಪು.”

“ಕಾಡಲ್ಲಿ ಪೈಪ್ ಎಂತಕ್ಕೆ?”

“ದೆನ್ ಹೂ ವಿಲ್ ವಾಟರ್ ದೆಮ್?” ಎಂದೆ. ಸಿಟ್ಟು ಬಂದಾಗ ನನಗೆ ಇಂಗ್ಲಿಷ್ ಬರುತ್ತಿತ್ತು.

ಆಂಟಿ ನಕ್ಕರು, ನಕ್ಕು ನಕ್ಕು ಕಣ್ಣೊರೆಸಿಕೊಂಡರು. ನಮ್ಮ ಬೀದಿಯಲ್ಲಿ ಮರವೆಂದರೆ ಬುಡದಲ್ಲಿ ತೂತಿನ ಕಪ್ಪು ರಬ್ಬರ್ ಪೈಪು ಇರಲೇಬೇಕು. ಸಂಜೆಯಾದರೆ ಅದು ತೊಟ್ಟಿಕ್ಕಬೇಕು. ಪೈಪು ಒಡೆದರೆ ವಾರದಲ್ಲಿ ಮರ ಬಾಡಬೇಕು. ನಾನು ನೋಡಿದ್ದು ಅದೇ. ಊರಿಗೆ ಹೋದಾಗ ಹೊಲದಲ್ಲಿ ನಿಂತ ಬೇವಿನ ಮರಕ್ಕೆ ಪೈಪು ಕಾಣದಿದ್ದರೆ, ಮಣ್ಣಿನೊಳಗೆ ಹೂಳಿರಬೇಕು ಎಂದುಕೊಂಡಿದ್ದೆ. ಆಂಟಿ ಈ ಕತೆಯನ್ನು ಅವ್ವನಿಗೆ ಹೇಳಿ ಮತ್ತೆ ನಕ್ಕರು. ಅವ್ವ ಅರ್ಧ ನಕ್ಕಳು. “ಆಕಿ ನೋಡಿದ್ದು ಅಷ್ಟ ಐತ್ಯಕ್ಕಾ,” ಎಂದಳು.

ಪೈಪು ತೆಗೆಯುವುದು ಸುಲಭ. ದೂರ ತರುವುದು ನನ್ನಿಂದಾಗಲಿಲ್ಲ. ವಾರದಿಂದ ವಾರಕ್ಕೆ ನಾನು ಬರೆದ ಗುಡ್ಡ, ಮರ, ಹೊಳೆ ಎಲ್ಲವೂ ಒಂದೇ ಗೆರೆಯಲ್ಲಿ ಮೂಗಿಗೆ ಮೂಗು ತಾಗಿಸಿ ನಿಲ್ಲುತ್ತಿದ್ದವು. “ದೂರ ಹೋಗ್ಲಿ ಮಾರಾಯ್ತಿ, ದೂರ ಹೋಗ್ಲಿ,” ಎಂದು ಆಂಟಿ ಬೇಡಿಕೊಳ್ಳುತ್ತಿದ್ದರು. ಆಮೇಲೆ ತಾಳ್ಮೆಗೆಟ್ಟು ನನ್ನ ಕೈಯನ್ನು ತಮ್ಮ ಕೈಯಲ್ಲಿ ಹಿಡಿದು ಬ್ರಷ್ ಓಡಿಸುತ್ತಿದ್ದರು. ನಾಲ್ಕೇ ಎಳೆತ, ಗುಡ್ಡ ಹಿಂದೆ ಸರಿದು ತಣ್ಣಗೆ ಕೂರುತ್ತಿತ್ತು. ಅವರು ಕೈ ಬಿಟ್ಟ ಕೂಡಲೇ ನನ್ನ ಗುಡ್ಡ ಮತ್ತೆ ಮುಂದೆ ಬಂದು ಮೂತಿ ಒತ್ತುತ್ತಿತ್ತು. ನಾನು ಹಾಳೆ ಹರಿದು ಉಂಡೆ ಮಾಡಿ ಸೋಫಾದ ಹಿಂದೆ ಎಸೆಯುತ್ತಿದ್ದೆ. ಅಳು ಬರುತ್ತಿತ್ತು. ಅಳುವುದನ್ನು ಪಕ್ಕದ ಸಂಸಾರದವರು ನೋಡಬಾರದೆಂದು ಬಚ್ಚಲಿಗೆ ಹೋಗುತ್ತಿದ್ದೆ.

“ದೂರದ್ದು ನೀಲಿ ಯಾಕೆ ಆಂಟಿ?” ಎಂದು ಒಮ್ಮೆ ಕೇಳಿದೆ.

“ದೂರ ಅಂದ್ರೆ ನೀಲಿಯೇ. ಅದರಲ್ಲಿ ಯಾಕೆ ಅಂತ ಎಂತ ಉಂಟು?”

ನಾನು ಟೆರೇಸಿಗೆ ಹೋಗಿ ನೋಡಿದೆ. ಸೆಪ್ಟೆಂಬರಿನ ಸೆಕೆಯಲ್ಲಿ ದೂರದ ಕಟ್ಟಡಗಳು ಬೆಳ್ಳಗೆ ಕಾಣುತ್ತಿದ್ದವು. ಗಾಳಿ ಎದ್ದ ದಿನ ಮಣ್ಣಿನ ಬಣ್ಣ. ನೀಲಿ ಒಂದು ದಿನವೂ ಕಾಣಲಿಲ್ಲ. ಅವ್ವನನ್ನು ಕೇಳಿದೆ, ಊರಲ್ಲಿ ದೂರ ಯಾವ ಬಣ್ಣ ಇರುತ್ತದೆಂದು. ಅವಳು ಹಿಟ್ಟು ನಾದುವುದನ್ನು ನಿಲ್ಲಿಸಿ ಯೋಚಿಸಿದಳು.

“ನಮ್ಮ ಕಡೆ ಗುಡ್ಡ ಎಲ್ಲಿ ಅದಾವವಾ? ಬರೇ ಬಯಲು. ಬಿಸಲಾಗ ದೂರ ನೋಡಿದ್ರ ಬೆಳ್ಳಗ ಕುದ್ದಂಗ ಕಾಣ್ತದ, ಅಷ್ಟ.”

ಅಂದರೆ ಆ ಫ್ಲ್ಯಾಟಿನಲ್ಲಿ ನೀಲಿ ಗುಡ್ಡ ನೋಡಿದವರು ಲವೀನಾ ಆಂಟಿ ಒಬ್ಬರೇ. ಅವರು ನೋಡಿದ್ದನ್ನು ನಾನು ಬರೆಯಬೇಕು. ಇದು ಅನ್ಯಾಯ ಅನ್ನಿಸಿತು.

ಅಕ್ಟೋಬರಿನಲ್ಲಿ ಆಂಟಿಯ ಗಂಡ ರಜೆಗೆ ಮನೆಗೆ ಬಂದರು, ಪಾಠ ನಿಂತಿತು. ಆ ಶುಕ್ರವಾರ ಪಪ್ಪನಿಗೆ ದುಬೈಗೆ ಹೋಗುವ ಕೆಲಸವಿತ್ತು. ಅಲ್ ಕೂಜ್‌ನ ಗೋದಾಮಿನಿಂದ ಯಾವುದೋ ಏಸಿಯ ಬಿಡಿಭಾಗ ತರಬೇಕು. ನನ್ನ ಬಾಡಿದ ಮುಖ ನೋಡಲಾರದೆ ಅವರು ನನ್ನನ್ನೂ ಕರೆದುಕೊಂಡು ಹೋದರು. ಹೊರಗೆ ಧೂಳು ಎದ್ದಿತ್ತು. ಹೆದ್ದಾರಿಯ ಪಕ್ಕದಲ್ಲಿ ಮರಳುಗಾಡಿನ ಗಾಫ್ ಮರಗಳ ಸಾಲುಗಳು, ಒಂದರ ಹಿಂದೆ ಒಂದು. ಕಿಟಕಿಗೆ ಹಣೆ ಒತ್ತಿ ಕೂತಿದ್ದವಳು ಜೆಬೆಲ್ ಅಲಿ ಬರುವ ಮೊದಲೇ ನೆಟ್ಟಗೆ ಕೂತೆ. ಹತ್ತಿರದ ಸಾಲು ಕಪ್ಪಾಗಿತ್ತು. ಅದರ ಹಿಂದಿನದರಲ್ಲಿ ಕಪ್ಪು ಕಮ್ಮಿ. ಅದರ ಹಿಂದಿನದು ಧೂಳಿನದೇ ಬಣ್ಣ, ಸ್ವಲ್ಪ ಗಟ್ಟಿ. ಅದರ ಹಿಂದೆ ಮರ ಇದೆಯೋ ಇಲ್ಲವೋ ಹೇಳುವ ಹಾಗಿರಲಿಲ್ಲ. ದೂರವಾದಂತೆ ಮರ ತನ್ನ ಬಣ್ಣ ಬಿಟ್ಟು ನಡುವಿನ ಗಾಳಿಯ ಬಣ್ಣ ತೊಡುತ್ತಿತ್ತು. ಆಂಟಿಯ ಊರಿನ ಗಾಳಿ ನೀಲಿ ಇರಬಹುದು. ನಮ್ಮದು ಹೀಗಿತ್ತು.

“ಪಪ್ಪ, ನಿಲ್ಸ್ರಿ.”

“ಇಲ್ಲೆ ನಿಲ್ಸಾಂಗಿಲ್ಲವಾ, ಫೈನ್ ಬೀಳ್ತದ. ಮುಂದ ಪೆಟ್ರೋಲ್ ಪಂಪ್ ಬರ್ತದ ತಡಿ.”

ಪಂಪಿನಲ್ಲಿ ಅವರು ಕಾಗದದ ಲೋಟದಲ್ಲಿ ಕರಕ್ ಚಹಾ ತಂದರು. ನಾನು ಲೋಟ ಹಿಡಿದು ಮರಗಳನ್ನು ನೋಡುತ್ತ ನಿಂತೆ. ಹಾಲು ಹೆಚ್ಚಾದ ಆ ಚಹಾದ ಬಣ್ಣವೇ ಕಡೆಯ ಸಾಲಿನ ಬಣ್ಣ. ಗಾಳಿ ಬಾಯಿಗೆಲ್ಲ ಮಣ್ಣು ತುಂಬಿತು, ಚಹಾದಲ್ಲೂ ಬಿತ್ತು. ಪಪ್ಪ ಯಲ್ಲಾ ಯಲ್ಲಾ ಎಂದು ಅವಸರಪಡಿಸುತ್ತಲೇ ಇದ್ದರು. ನಾನು ಬುಡದ ಪೈಪಿನಿಂದ ಹಿಡಿದು ತುದಿಯ ಮುಳ್ಳಿನವರೆಗೆ ಎಲ್ಲವನ್ನೂ ನೋಡಿಕೊಂಡೆ.

ಮುಂದಿನ ವಾರವೆಲ್ಲ ನಮ್ಮ ಕೋಣೆಯಲ್ಲಿ ಮಂಚದ ಮೇಲೆ ಹಲಗೆಯಿಟ್ಟು ಬರೆದೆ. ಬಿಳಿಗೆ ಹಳದಿ, ಕಂದು, ಚಿಟಿಕೆ ಕೆಂಪು. ಮೊದಲು ಆಕಾಶ, ಆಮೇಲೆ ಆಕಾಶಕ್ಕಿಂತ ಕೂದಲೆಳೆಯಷ್ಟು ಗಟ್ಟಿಯಾದ ಮರಗಳು, ಆಮೇಲೆ ಅದಕ್ಕಿಂತ ಗಟ್ಟಿ. ಕೆಡಿಸಿಕೊಂಡೆ, ಮತ್ತೆ ಬರೆದೆ. ಕಡೆಗೆ ಮುಂದಿನ ಸಾಲು, ಬಾಗಿದ ಟೊಂಗೆಗಳ ಸಮೇತ, ಕಪ್ಪಾಗಿ. ಬುಡದಲ್ಲಿ ಪೈಪು, ಬೇಕಂತಲೇ. ಬ್ರಷ್ ಇಟ್ಟು ಬಾಗಿಲವರೆಗೆ ಹಿಂದೆ ಹೋಗಿ ತಿರುಗಿ ನೋಡಿದೆ. ದೂರ ಬಂದಿತ್ತು. ಕಾಗದದ ಒಳಗೆ ನಡೆದು ಹೋಗಬಹುದಿತ್ತು. ಅಷ್ಟು ಖುಷಿ ನನಗೆ ಆಮೇಲೆ ಯಾವ ಕೆಲಸದಲ್ಲೂ ಆಗಿಲ್ಲ.

ಅವ್ವ ಬಂದು ನೋಡಿದಳು. “ಇದು ಬನ್ನಿ ಗಿಡ ಅಲ್ಲೇನ?” ಎಂದಳು.

“ಗಾಫ್ ಅವ್ವ. ಇಲ್ಲಿಂದು.”

“ಎಲ್ಲಿದರ ಇರ್ಲಿ, ಬನ್ನಿನ ಅದು. ಮುಳ್ಳು ನೋಡು, ಟೊಂಗಿ ಬಾಗಿದ್ದು ನೋಡು. ದಸರಾಕ್ಕ ಈ ದೇಶದಾಗ ಬನ್ನಿ ಎಲ್ಲಿ ಸಿಗಬೇಕು ಅಂತಿದ್ದೆ, ರಸ್ತೇ ಬಾಜೂನ ಅದಾವ ನೋಡು.” ಕಾಗದದ ಅಂಚು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಅರ್ಧ ತಮಾಷೆ, ಅರ್ಧ ನಿಜ.

ಲವೀನಾ ಆಂಟಿ ಚಿತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಅವರಿಗೆ ತಿಳಿಯದೆ ಇರಲಿಲ್ಲ. “ದೂರ ಬಂದಿದೆ,” ಎಂದರು ಮೊದಲು. ಆಮೇಲೆ, “ಆದ್ರೆ ಎಂತಕ್ಕೆ ಇಷ್ಟು ಧೂಳು? ರಾಜ್ಯೋತ್ಸವದಲ್ಲಿ ಜನ ಎಂತ ನೋಡ್ಲಿಕ್ಕೆ ಬರ್ತಾರೆ? ಇದೇ ಧೂಳು ತಿಂದು ತಿಂದು ಸಾಕಾಗಿ ಬರ್ತಾರೆ. ಕಣ್ಣಿಗೆ ತಂಪು ಬೇಡ್ವಾ?”

“ನಾನು ಇದೇ ಕೊಡ್ತೇನೆ ಆಂಟಿ.”

“ಆಯ್ತು, ಆಯ್ತು,” ಎಂದರು. ಒಪ್ಪಿದರೆಂದು ನಾನು ನಂಬಿದೆ.

ಸ್ಪರ್ಧೆ ಶುಕ್ರವಾರ. ಗುರುವಾರ ಶಾಲೆಯ ಬಸ್ಸಿಳಿದು ಮೇಲೆ ಬಂದೆ. ನಡುಕೋಣೆಯ ಮೇಜಿನ ಮೇಲೆ ನನ್ನ ಚಿತ್ರ ಒಣಗಲು ಇಟ್ಟಿತ್ತು. ಆಂಟಿಗೆ ಅಂದು ಡ್ಯೂಟಿ ಇರಲಿಲ್ಲ. ಕಡೆಯ ಸಾಲಿನ ಮರಗಳಿದ್ದಲ್ಲಿ ಎರಡು ನೀಲಿ ಗುಡ್ಡಗಳು. ನಡುವೆ ಹೊಳೆ. ಗಾಫ್ ಮರಗಳ ಬಾಗಿದ ಟೊಂಗೆಗಳ ಮೇಲೆ ಹಸಿರು ಚುಕ್ಕಿ ಚುಕ್ಕಿಯಾಗಿ ಕೂತು ಅವು ದುಂಡಗೆ ಮಾವಿನ ಮರಗಳಾಗಿದ್ದವು. ಪೈಪು ಇದ್ದಲ್ಲಿ ಹುಲ್ಲು. ಪೋಸ್ಟರ್ ಬಣ್ಣದ ಗುಣವೇ ಅದು; ಒಂದರ ಮೇಲೆ ಇನ್ನೊಂದು ಬಳಿದರೆ ಕೆಳಗಿನದರ ಸುಳಿವೂ ಉಳಿಯುವುದಿಲ್ಲ.

“ಸ್ವಲ್ಪ ಟಚಪ್ ಮಾಡಿದೆ ಮಗಾ,” ಎಂದರು ಆಂಟಿ. ಮುಖದ ತುಂಬ ಸಂತೋಷ. “ಬೆಳಿಗ್ಗೆಯಿಂದ ಅದರಲ್ಲೇ ಇದ್ದೆ. ಹೇಗುಂಟು?”

ನಾನು ಬೆರಳಿಗೆ ಉಗುಳು ಹಚ್ಚಿ ಬಲಗಡೆಯ ಗುಡ್ಡವನ್ನು ಉಜ್ಜಿದೆ. ನೀಲಿ ಕರಗಿತು. ಅದರ ಜೊತೆ ಕೆಳಗಿದ್ದ ನನ್ನ ಧೂಳೂ ಕರಗಿ, ಎರಡೂ ಸೇರಿ ಬೂದು ರಾಡಿಯಾಯಿತು. ಇನ್ನೂ ಉಜ್ಜುವಷ್ಟರಲ್ಲಿ ಅವ್ವ ನನ್ನ ರಟ್ಟೆ ಹಿಡಿದು ಕೋಣೆಗೆ ಎಳೆದೊಯ್ದು ಬಾಗಿಲು ಹಾಕಿದಳು.

“ದನಿ ಸಣ್ಣ ಮಾಡು.”

“ಅದು ನಂದು ಅವ್ವ.”

“ಗೊತ್ತೈತಿ.”

“ನೀ ಮನ್ಯಾಗ ಇದ್ದಿ. ಬ್ಯಾಡ ಅನ್ಬೇಕಿಲ್ಲ?”

ಅವ್ವ ಮಂಚದ ಮೇಲೆ ಕೂತಳು. “ಆಕಿ ಕೇಳಿ ಮಾಡ್ಲಿಲ್ಲ. ನಾ ನೋಡೂದ್ರಾಗ ಅರ್ಧ ಆಗಿತ್ತು. ಒಂದ ಒಲಿ ಮ್ಯಾಲ ಅಡಿಗಿ ಮಾಡಾವ್ರು ನಾವು, ಏನಂತ ಅನ್ಲಿ? ನಿನ್ನ ಮ್ಯಾಲಿನ ಜೀವಕ್ಕ ಮಾಡ್ಯಾಳವಾ. ಬಿಡು. ಛಂದ ಆಗೇತಿ.”

ಛಂದ ಆಗಿತ್ತು, ಅದೇ ನನ್ನ ಹೊಟ್ಟೆ ಉರಿಸಿದ್ದು. ಕೆಟ್ಟದಾಗಿದ್ದರೆ ಬೈಯಬಹುದಿತ್ತು.

ಮರುದಿನ ಹಾಲಿನಲ್ಲಿ ನನ್ನ ಹೆಸರಿನ ಮೇಲೆ ಆ ಚಿತ್ರ ತೂಗಿತು. ಮೊದಲ ಬಹುಮಾನ. ಊರಿನಿಂದ ಬಂದಿದ್ದ ಅತಿಥಿ ಕಲಾವಿದರು ಮೈಕಿನಲ್ಲಿ, ಪರದೇಶದಲ್ಲಿ ಬೆಳೆದ ಮಗು ತನ್ನ ನಾಡಿನ ಹಸಿರನ್ನು ಹೇಗೆ ಎದೆಯಲ್ಲಿ ಇಟ್ಟುಕೊಂಡಿದೆ ನೋಡಿ ಎಂದರು. ಬಲಗಡೆಯ ಗುಡ್ಡದ ಮೇಲೆ ಮಂಜು ಕವಿದ ಭಾಗವಿದೆಯಲ್ಲ, ಅದು ನುರಿತ ಕೈಯ ಕೆಲಸ ಎಂದರು. ಅದು ನಾನು ಉಗುಳು ಹಚ್ಚಿ ಉಜ್ಜಿದ ಜಾಗ. ಜನ ಚಪ್ಪಾಳೆ ತಟ್ಟಿದರು. ಒಳ್ಳೆಯ ರೇಷ್ಮೆ ಸೀರೆ ಉಟ್ಟು ಬಂದಿದ್ದ ಲವೀನಾ ಆಂಟಿ ಅತ್ತುಬಿಟ್ಟರು. ನಾನು ಸರ್ಟಿಫಿಕೇಟ್ ಹಿಡಿದು ಫೋಟೋಗೆ ನಿಂತೆ. ಆ ಫೋಟೋದಲ್ಲಿ ನನ್ನ ಮುಖ ನೋಡಿದವರೆಲ್ಲ, ಪಾಪ ನಾಚಿಕೊಂಡಿದೆ ಎನ್ನುತ್ತಾರೆ.

ಸಂಜೆ ಪಪ್ಪ ಎಲ್ಲರಿಗೂ ಫಲಾಫಲ್ ಕೊಡಿಸಿದರು. ಸಿಟ್ಟಿನಲ್ಲೂ ನಾನು ಚೆನ್ನಾಗಿಯೇ ತಿಂದೆ. ಮರುವರ್ಷ ಆಂಟಿಯವರು ಬೇರೆ ಫ್ಲ್ಯಾಟಿಗೆ ಹೋಗುವಾಗ, “ಈ ಚಿತ್ರ ನಾನು ತಕೊಂಡು ಹೋಗ್ಲಾ ಅಕ್ಕ, ನೆನಪಿಗೆ?” ಎಂದು ಕೇಳಿದರು. ಅವ್ವ ನನ್ನ ಕಡೆ ನೋಡಿದಳು. ತೆಗೆದುಕೊಂಡು ಹೋಗಲಿ ಎಂದೆ. ಅದು ಅವರದೇ ಆಗಿತ್ತು.

ಅವರೀಗ ಊರಲ್ಲಿದ್ದಾರೆ. ಬೆಳಿಗ್ಗೆ ಬೆಳಿಗ್ಗೆ ವಾಟ್ಸಾಪಿನಲ್ಲಿ ಹೂವಿನ ಚಿತ್ರ ಕಳಿಸುತ್ತಾರೆ. ಚಿತ್ರ ಬರೆಯುತ್ತಿದ್ದೀಯಾ ಎಂದು ಕೇಳುತ್ತಾರೆ. ಬರೆಯುತ್ತೇನೆ. ದುಬೈಯಲ್ಲಿ ಕೆಲಸ ಮಾಡುತ್ತ, ಬಿಡುವಿನಲ್ಲಿ ನಾನು ಬರೆದ ಕಾಡು, ಗುಡ್ಡ, ಹೊಳೆಗಳು ಗೆಳತಿಯರ ಹಲವು ಮನೆಗಳಲ್ಲಿವೆ. ಬಹುಮಾನ ಬಂದ ಮೇಲೆ ಎಲ್ಲರೂ ಕೇಳಿದ್ದು ಅಂಥದ್ದೇ. ಕೇಳಿದ್ದನ್ನು ಬರೆದು ಬರೆದು ಕೈ ಪಳಗಿತು. ಗುಡ್ಡ ಈಗ ಹೇಳಿದ ಮಾತು ಕೇಳಿ ಹಿಂದೆ ಸರಿಯುತ್ತದೆ.

ಹೋದ ಚಳಿಗಾಲದಲ್ಲಿ ಪಪ್ಪ, ಅವ್ವ ವಿಸಿಟ್ ವೀಸಾದಲ್ಲಿ ಬಂದಿದ್ದರು. ಒಂದು ಬೆಳಿಗ್ಗೆ ಅವ್ವನನ್ನು ಕರೆದುಕೊಂಡು ಊರ ಹೊರಗಿನ ಮರಳಿನ ಕಡೆ ಹೋದೆ. ಎಲೆಕ್ಟ್ರಾ ಸ್ಟ್ರೀಟಿನ ನಮ್ಮ ಕಟ್ಟಡ ಕೆಡವಿ ಗಾಜಿನದು ಕಟ್ಟಿದ್ದಾರೆಂದು ಅವಳು ದಾರಿಯುದ್ದಕ್ಕೂ ಮರುಗಿದಳು. ಕಟ್ಟಡ ಹೋಗಲಿ, ನನಗೆ ಅದರ ಮೇಲೆ ಅಂಥ ಮೋಹವಿಲ್ಲ. ಅಂದು ಗಾಳಿಯಿತ್ತು, ಧೂಳಿತ್ತು, ಎದುರಿಗೆ ಗಾಫ್ ಮರಗಳಿದ್ದವು. ಅವ್ವನಿಗೆ ಮಡಚುವ ಕುರ್ಚಿ ಹಾಕಿ ಕೂರಿಸಿ, ನಾನು ಕಾಗದ ಬಿಚ್ಚಿದೆ. ಕಣ್ಣಿಗೆ ಕಂಡಂತೆ ಬರೆಯಬೇಕೆಂದೇ ಹೋಗಿದ್ದೆ. ಮಣ್ಣಿನ ಬಣ್ಣಗಳನ್ನು ಕಲಸಿಯೂ ಇಟ್ಟುಕೊಂಡೆ. ಹಿಂದಿನ ಸಾಲಿಗೆ ಬರುವಾಗ ಕೈ ಬ್ರಷ್ಷನ್ನು ಯಾವ ಬಣ್ಣಕ್ಕೆ ಅದ್ದಿತೋ ಗಮನಿಸಲಿಲ್ಲ. ಅದು ತನ್ನಷ್ಟಕ್ಕೆ ಓಡುತ್ತಿತ್ತು, ಸೊಗಸಾಗಿ ಓಡುತ್ತಿತ್ತು, ನಾನು ಎದುರಿಗೆ ನೋಡುವ ಅಗತ್ಯವೇ ಬೀಳಲಿಲ್ಲ. ಮುಗಿದ ಮೇಲೆ ತಲೆಯೆತ್ತಿದೆ. ಎದುರಿಗಿದ್ದದ್ದು ಬೇರೆ, ಕಾಗದದ ಮೇಲಿದ್ದದ್ದು ಬೇರೆ: ಹಿಂದಿನ ಸಾಲು ನೀಲಿಯಾಗಿತ್ತು. ಆ ಹನ್ನೊಂದು ವರ್ಷದ ಹುಡುಗಿಗೆ ಕೈ ಪಳಗಿರಲಿಲ್ಲ, ಕಣ್ಣಿತ್ತು. ಅದನ್ನು ನಾನು ಎಲ್ಲಿ ಬಿಟ್ಟೆ ಎಂದು ಯೋಚಿಸಿ ಅಲ್ಲಿ ಕೂತಲ್ಲೇ ಸಂಕಟವಾಯಿತು.

ಅವ್ವ ಚಿತ್ರವನ್ನು ಕೈಗೆ ತೆಗೆದುಕೊಂಡು, ಸೆರಗಿನಿಂದ ಕನ್ನಡಕ ಒರೆಸಿ ನೋಡಿದಳು.

“ಭಾಳ ಛಂದ ಬಂದೈತಿ,” ಎಂದಳು. ಆಮೇಲೆ ಕೇಳಿದಳು, “ಇದು ಯಾವೂರವಾ?”